ಜೆರ್ಮೇನ್ ನೋಡಿದ ಕೊನೆ

ಲಿಮೋಜ್ ಊರಿನ ಚಿತ್ರಮಂದಿರದಲ್ಲಿ ಜೆರ್ಮೇನ್‌ಗೆ ಹನ್ನೆರಡು ವರ್ಷದ ನೌಕರಿ. ಕತ್ತಲಲ್ಲಿ ಟಾರ್ಚು ಹಿಡಿದು ಜನರನ್ನು ಕುರ್ಚಿಗೆ ಮುಟ್ಟಿಸಬೇಕು, ಸಿನಿಮಾಕ್ಕೆ ಮುಂಚಿನ ವಿರಾಮದಲ್ಲಿ ಕೊರಳಿಗೆ ಬುಟ್ಟಿ ತೂಗುಹಾಕಿಕೊಂಡು ಐಸ್‌ಕ್ರೀಮು ಮಾರಬೇಕು, ಮುಗಿಯುವ ಮೊದಲೇ ಓಡಿಹೋಗಿ ಪಕ್ಕದ ಬಾಗಿಲು ತೆಗೆಯಬೇಕು. ಟಾರ್ಚಿನ ಬೆಳಕು ಕಾಲಿನ ಮೇಲಷ್ಟೇ ಬೀಳಬೇಕು. ಮುಖಕ್ಕೆ ಬಿಟ್ಟರೆ ಕೆಲಸ ಹೋಯಿತು. ಯಾರು ಯಾರ ಜೊತೆ ಬಂದರು ಎಂಬುದು ಅವಳಿಗೆ ಬೇಡದ ಉಸಾಬರಿ.

ಆ ವರ್ಷ, ಗಂಡನನ್ನು ಬಿಟ್ಟು ಪ್ರಿಯಕರನ ಹಿಂದೆ ಹೋಗುವವಳ ಸಿನಿಮಾ ಬಂತು. ‘ನೋಡಬಾರದ್ದು’ ಎಂದು ಪಾದ್ರಿಗಳು ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿದ್ದೇ ತಡ, ಊರಿಗೆ ಊರೇ ನುಗ್ಗಿತು. ಮೂರು ವಾರ! ಜೆರ್ಮೇನ್ ಮಾತ್ರ ಒಂದು ದಿನವೂ ಕೊನೆ ನೋಡಲಿಲ್ಲ. ಬಾಗಿಲು, ಹಾಳು ಬಾಗಿಲು!

"ಮನೇಲಿ ಕೂತಿದ್ದ ಆ ಗಂಡನ ಗತಿ ಏನಾಯ್ತ್ರೇ?" ಎಂದು ಕೇಳಿದರೆ ಎಲ್ಲರೂ ಮೂಗು ಒರೆಸಿಕೊಳ್ಳುವವರೇ.

"ಅಯ್ಯೋ, ಅದನ್ನ ನೋಡೇ ಅಳ್ಬೇಕು ಕಣೇ, ಹೇಳಕ್ಕಾಗಲ್ಲ."

ಕೊನೆಯ ಭಾನುವಾರ ಅವಳಿಗೆ ರಜೆ. ಗಂಡ ಓಕ್ತಾವ್ ಮೀನು ಹಿಡಿಯಲು ಹೊರಟ. ಅವನು ಅತ್ತ ಹೋದ ಮೇಲೆ, ಜೊತೆಗಾತಿ ಇವೆಟ್‌ಗೆ ಜ್ವರವೆಂದು ಮ್ಯಾನೇಜರು ಹೇಳಿಕಳಿಸಿದ. ಗೊಣಗುತ್ತಲೇ ಕೆಲಸಕ್ಕೆ ಬಂದಳು.

ಸುದ್ದಿಚಿತ್ರ ಓಡುತ್ತಿದ್ದಾಗ ಜೋಡಿಯೊಂದು ತಡವಾಗಿ ಬಂತು. ಟಾರ್ಚು ಹಿಡಿದಳು. ಹೆಂಗಸಿನ ಕೆಂಪು ಹೈಹೀಲ್ಡು, ಪಕ್ಕದಲ್ಲಿ ಗಂಡಸಿನ ಬೂಟು. ಎಡಬೂಟಿನ ಬದಿಯ ಹೊಲಿಗೆ ಜೆರ್ಮೇನ್ ತಾನೇ ಹಾಕಿದ್ದು. ಆದರೂ ಟಾರ್ಚು ಮೇಲೆತ್ತಲಿಲ್ಲ, ಕೂರಿಸಿದಳು. ಮಹಾರಾಯ, ಕತ್ತಲಲ್ಲಿ ಅವಳ ಅಂಗೈಗೇ ಭಕ್ಷೀಸು ಇಟ್ಟ!

ವಿರಾಮಕ್ಕೆ ದೀಪ ಹತ್ತಿತು. ಬುಟ್ಟಿ ಹೊತ್ತು ನೆಟ್ಟಗೆ ಆ ಸಾಲಿಗೇ ಹೋದಳು. ಓಕ್ತಾವ್ ಸೂರು ನೋಡತೊಡಗಿದ.

"ಏನ್ರೀ, ಮೀನು ಮೇಲಿದಾವಾ?"

ಹಿಂದಿನ ಸಾಲು ಕಿಸಕ್ಕೆಂದಿತು.

"ಜೆರ್ಮೇನ್, ಮೆಲ್ಲಗೆ... ಮನೇಲಿ ಮಾತಾಡೋಣ."

"ಏಳ್ರಿ ಮೇಲೆ! ಮೂರು ವಾರದಿಂದ ನಿಂತೇ ಇದ್ದೀನಿ, ಇವತ್ತು ಕೂತು ನೋಡ್ತೀನಿ. ಈ ಬುಟ್ಟಿ ಹಾಕ್ಕೊಂಡು ಬಾಗಿಲ ಹತ್ರ ನಿಲ್ಲಿ, ಮುಗಿದಾಗ ತೆಗೀರಿ. ನನಗೋಸ್ಕರ ಅಷ್ಟಾದ್ರೂ ಮಾಡಿ. ಮನೆ ಮಾತು ಆಮೇಲೆ."

ಅವನು ಎದ್ದ. ಬೆಚ್ಚಗಿದ್ದ ಆ ಕುರ್ಚಿಯಲ್ಲಿ ಜೆರ್ಮೇನ್ ಕೂತಳು. ಕೆಂಪು ಹೈಹೀಲ್ಡಿನವಳು ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡಳು.

ಕೊನೆಯಲ್ಲಿ ನಾಯಕಿ ಮನೆಗೆ ಮರಳಿದಳು. ಗಂಡ ಏನೂ ಕೇಳದೆ ಬಾಗಿಲು ತೆಗೆದ, ಅವಳಿಗೊಂದು ತಟ್ಟೆ ಇಟ್ಟ. ಅಷ್ಟೇ. ಸುತ್ತಲೂ ಮುಸುಮುಸು ಅಳು. ಥೂ, ಇಷ್ಟಕ್ಕಾ! ಎಂದುಕೊಳ್ಳುವಷ್ಟರಲ್ಲಿ ಜೆರ್ಮೇನ್‌ಳ ಕಣ್ಣೂ ತುಂಬಿತ್ತು.

ಪರದೆ ಬಿತ್ತು. ಬಾಗಿಲು ತೆರೆಯಲಿಲ್ಲ.

"ಯಾರ್ರೀ ಅಲ್ಲಿ? ತೆಗೀರಿ ಬಾಗ್ಲು!" ಜನ ಕೂಗಾಡಿದರು.

ಜೆರ್ಮೇನ್ ನೂಕಿಕೊಂಡು ಹೋದಳು. ನೆಲದ ಮೇಲೆ ಬುಟ್ಟಿಯಿತ್ತು, ಐಸ್‌ಕ್ರೀಮು ಕರಗಿ ಹರಿದಿತ್ತು. ಓಕ್ತಾವ್ ಬಂದ ದಾರಿಯಲ್ಲೇ ಜಾರಿಕೊಂಡಿದ್ದ. ಅವಳೇ ಅಗುಳಿ ಎಳೆದು, ಎಲ್ಲರೂ ಹೊರಗೆ ಹೋಗುವ ತನಕ ಬಾಗಿಲು ಹಿಡಿದು ನಿಂತಳು.