ಸಿಸ್ಟರ್ ಮಡಚಿ ಕೊಟ್ಟ ಚೀಟಿ

ತೊಂಬತ್ತರ ದಶಕದ ಕೊನೆಯಲ್ಲಿ ಬಸವಕಲ್ಯಾಣದ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿ ನನಗೆ ಮೊದಲ ನೌಕರಿ. ಓದಿದ್ದು ಬಹಳ, ನೋಡಿದ್ದು ಕಡಿಮೆ. ಅಲ್ಲಿದ್ದ ಹಿರಿಯ ಸಿಸ್ಟರ್ ನನ್ನ ತಾಯಿಯ ವಯಸ್ಸಿನವರು. ನಾನು ಬರೆದ ಚೀಟಿಯಲ್ಲಿ ತಪ್ಪಿದ್ದರೆ ನನಗಷ್ಟೇ ಕೇಳುವ ಹಾಗೆ ಮೆಲ್ಲಗೆ ಓದುತ್ತಿದ್ದರು.

ಮೇ ತಿಂಗಳ ಒಂದು ಮಧ್ಯಾಹ್ನ ಮೋರಖಂಡಿ ಕಡೆಯಿಂದ ಜೀಪಿನಲ್ಲಿ ಒಬ್ಬ ಕುರಿಗಾರನನ್ನು ತಂದರು. ಹೆಂಡತಿ ಅವನಿಗೆ ಕುತ್ತಿಗೆಯವರೆಗೆ ಕಂಬಳಿ ಸುತ್ತಿದ್ದಳು.

“ಮುಂಜಾನಿ ಛಲೋ ಇದ್ರು ಡಾಕ್ಟರ್ ಬಾಯಾರ. ಬುತ್ತಿ ಒಯ್ದು ನೋಡಿದ್ರ ಏನೇನೋ ಬಡಬಡಿಸಾಕತ್ತಿದ್ರು. ನನ್ನ ಗುರುತಾ ಹಿಡೀಲಿಲ್ರಿ. ಮೈ ಕೆಂಡ ಆಗ್ಯಾದ.”

ಮಲೇರಿಯಾ ಮಿದುಳಿಗೇರಿದೆ ಎಂದುಕೊಂಡೆ. ಜ್ವರದ ಇಂಜೆಕ್ಷನ್ ಕೊಟ್ಟು ಕೂಡಲೇ ಬೀದರಿಗೆ ಕಳಿಸಿ ಎಂದು ಬರೆದೆ. ಸಿಸ್ಟರ್ ಚೀಟಿ ಓದಲೇ ಇಲ್ಲ. ಕಂಬಳಿಯೊಳಗೆ ಕೈ ಹಾಕಿ ಅವನ ಕಂಕುಳು ಮುಟ್ಟಿದರು.

“ಒಂದ ಹನಿ ಬೆವರಿಲ್ರಿ ಮೇಡಂ. ಇದು ಜ್ವರ ಅಲ್ಲ, ಬಿಸಲ ಬಡದದ. ಇಂಜೆಕ್ಷನ್‌ಗಿ ಇಳಿಯಂಗಿಲ್ಲ.”

ಥರ್ಮಾಮೀಟರಿನ ಪಾದರಸ ಕೊನೆಯ ಗೆರೆ ಮುಟ್ಟಿತ್ತು. ಸಿಸ್ಟರ್ ಕಂಬಳಿ ಕಿತ್ತೆಸೆದಾಗ ಹೆಂಡತಿ ಚೀರಿದಳು, “ಚಳಿ ಹತ್ತತದ್ರೀ!”

“ಅವ್ವಾ, ಈಗ ಅವರಿಗಿ ಚಳೀನೇ ಔಷಧ.”

ಕರೆಂಟಿರಲಿಲ್ಲ. ತೊಟ್ಟಿಯ ನೀರಿನಲ್ಲಿ ಚಾದರ ಅದ್ದಿ ಹೊದಿಸಿದೆವು. ನಾನೂ ಜೀಪಿನ ಡ್ರೈವರೂ ಸಲೈನ್ ಡಬ್ಬದ ರಟ್ಟು ಹರಿದು ಗಾಳಿ ಹಾಕಿದೆವು. ಎದುರಿನ ಐಸ್‌ಕ್ಯಾಂಡಿ ಅಂಗಡಿಯಿಂದ ಆಯಾ ಬರ್ಫ ತಂದಳು. ಅದನ್ನು ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಟ್ಟೆವು. ಹೆಂಡತಿ ಅವನ ಬಾಯಿಗೆ ನೀರು ಹಿಡಿದಾಗ ಸಿಸ್ಟರ್ ಕೈ ತಡೆದರು: “ಎಚ್ಚರ ಇಲ್ಲದವರಿಗಿ ಕುಡಸಬ್ಯಾಡವ್ವಾ, ಉಸಿರಿನ ದಾರಿಗಿ ಹೋಗ್ತದ.”

ಹೊರಗೆ ಆಂಬುಲೆನ್ಸ್ ನಿಂತಿತ್ತು. “ತಡ ಆಗ್ತದಲ್ಲ ಸಿಸ್ಟರ್?” ಎಂದೆ.

“ಹಿಂಗೇ ಕಳಿಸಿದ್ರ ದಾರ್ಯಾಗ ಹೋಗಿಬಿಡ್ತಾರ. ಮೊದಲ ತಂಪ ಮಾಡಮು, ಆಮ್ಯಾಲ ಕಳಸಮು.”

ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಥರ್ಮಾಮೀಟರ್ ಇಟ್ಟಾಗ ಪಾದರಸ ಅಷ್ಟು ಏರಲಿಲ್ಲ. ಸಿಸ್ಟರ್ ಬರ್ಫ ತೆಗೆಸಿದರು. ಅವನು ಕಣ್ಣು ತೆರೆದು ಹೆಂಡತಿಯನ್ನು ನೋಡಿ, “ಕುರಿ ಯಾರ ಹಂತ್ಯಾಕ ಬಿಟ್ಟಿ?” ಎಂದ. ಆಕೆ ನೆಲಕ್ಕೆ ಕುಸಿದು ಅತ್ತಳು. ಆಮೇಲೆ ಅವನನ್ನು ಬೀದರಿಗೆ ಕಳಿಸಿದೆವು.

ಸಿಸ್ಟರ್ ನನ್ನ ಚೀಟಿಯನ್ನು ಮಡಚಿ ಕೈಗಿಟ್ಟು, “ಹೊಸಾದು ಬರೀರಿ,” ಎಂದರು. ಅಷ್ಟೇ. ಎರಡು ವಾರದ ಮೇಲೆ ನಡೆದುಕೊಂಡೇ ಬಂದ ಕುರಿಗಾರ ಅವರ ಕಾಲಿಗೆ ಬಗ್ಗಿದಾಗ, “ಡಾಕ್ಟರ್ ಇವ್ರು,” ಎಂದು ನನ್ನನ್ನು ತೋರಿಸಿದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಅಂದು ಸಂಜೆ ಕೇಳಿದೆ, ನಿಮಗೆ ಹೇಗೆ ತಿಳಿಯಿತು ಎಂದು.

“ಬೆವರಷ್ಟೇ ನಂಬಬ್ಯಾಡ್ರಿ ಮೇಡಂ. ಬೆವರಿದವರಿಗೂ ಬಡೀತದ. ಮೈ ಸುಡಾಕತ್ತಿ ಮಾತು ತಪ್ಪಿದ್ರ, ತಡಾ ಮಾಡಬ್ಯಾಡ್ರಿ.”

ಕೆಲವು ವರ್ಷಗಳ ನಂತರ ನಾನು ಹುಮನಾಬಾದಿನಲ್ಲಿದ್ದೆ. ಏಪ್ರಿಲ್ ಬಿಸಿಲಲ್ಲಿ, ಹಳ್ಳಿಖೇಡದ ಹತ್ತಿರ ಕಬ್ಬು ಹೇರುತ್ತಿದ್ದ ಹೆಂಗಸನ್ನು ಜೊತೆಗಾರರು ಟ್ರ್ಯಾಕ್ಟರಿನಲ್ಲಿ ತಂದರು. ಸೀರೆಯೆಲ್ಲ ಬೆವರಿನಲ್ಲಿ ತೊಯ್ದಿತ್ತು. “ಸುಸ್ತಾಗ್ಯಾದ್ರಿ, ಸಲೈನ್ ಹಚ್ರಿ ಸಾಕು,” ಎಂದರು. ಊರು ಯಾವುದೆಂದು ಕೇಳಿದರೆ ಆಕೆ ನನ್ನನ್ನೇ ಅವ್ವಾ ಎಂದು ಕರೆದಳು. ಮೈ ಮುಟ್ಟಿದೆ, ಸುಡುತ್ತಿತ್ತು. ಈ ಸಲ ನಾನು ಚೀಟಿ ಬರೆಯುತ್ತ ಕೂರಲಿಲ್ಲ. ನೀರು, ಗಾಳಿ, ಬರ್ಫ. ಮೂರನೆಯ ದಿನ ಆಕೆ ಎದ್ದು ಕುಳಿತಳು.

ಆ ಭಾನುವಾರ ಬಸ್ಸು ಹತ್ತಿ ಬಸವಕಲ್ಯಾಣಕ್ಕೆ ಹೋದೆ. ಸಿಸ್ಟರ್ ನಿವೃತ್ತರಾಗಿ ಮನೆಯಲ್ಲಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಆಕಿ ಈಗ ಉಣ್ಣಾಕತ್ತಾಳೇನ್ರಿ?” ಎಂದರು.

“ಹೌದ್ರಿ.”

“ಹಂಗಾದ್ರ ನೀವೂ ಉಣ್ರಿ,” ಎಂದು ನನ್ನ ಮುಂದೆ ತಾಟು ಇಟ್ಟು ಬಿಸಿ ರೊಟ್ಟಿ ಬಡಿಸಿದರು.