ಇಂದ್ರವ್ವನ ಮನೆಯ ಬೆಳ್ಳಿ ಬೀರಪ್ಪ

ಸಾಂಗ್ಲಿವಾಡಿಯ ಇಂದ್ರವ್ವನವರ ಮನೆಯಲ್ಲಿ ದೇವರೆಂದರೆ ಒಂದು ನಾಣ್ಯ. ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದು. ಚೌಕವೆನ್ನಲು ಮೂಲೆಗಳಿಲ್ಲ, ದುಂಡೆನ್ನಲು ಅಂಚು ಸರಿಯಿಲ್ಲ. ಅದರ ಒಂದು ಮುಖದಲ್ಲಿ ಸೂರ್ಯ, ಗುಡ್ಡ, ಗುಡ್ಡದ ಮೇಲೊಂದು ನಾಯಿ. ಮಿಕ್ಕ ಮುದ್ರೆಗಳು ಸವೆದು ಗುರುತು ಹತ್ತುವುದಿಲ್ಲ. ಕುರಿ ಸಾಕಿದ ಮನೆತನಕ್ಕೆ ಈ ಚಿತ್ರಗಳನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗುಡ್ಡ ಕುರಿಗಾರರ ದೇವರು ಬೀರಪ್ಪನದು, ನಾಯಿ ಅವನ ಹಿಂಡಿನದು.

ಇಂದ್ರವ್ವನವರ ಗಂಡ ಧೋಂಡಿಬಾ. ಅವರ ಅಜ್ಜ ಲಿಂಗನೂರಿನ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದಾಗ ಈ ನಾಣ್ಯ ಸಿಕ್ಕಿತೆಂದು ಮನೆಯವರ ಹೇಳಿಕೆ. ಆ ಮನೆತನದಲ್ಲಿ ದೇವರು ಹಿರಿಯ ಮಗನ ಒಲೆಯಿದ್ದಲ್ಲಿ ಇರಬೇಕು. ಹೀಗಾಗಿ ಧೋಂಡಿಬಾ ಲಿಂಗನೂರು ಬಿಟ್ಟು ಕೃಷ್ಣೆಯ ದಂಡೆಗೆ ಕಾಯಿಪಲ್ಲೆ ಬೆಳೆಯಲು ಬಂದಾಗ ದೇವರೂ ಸಾಂಗ್ಲಿವಾಡಿಗೆ ಬಂತು. ಧೋಂಡಿಬಾ ತೀರಿಕೊಂಡ ಮೇಲೆ ಅದರ ಕಾವಲು ಇಂದ್ರವ್ವನವರ ಪಾಲಿಗೆ ಬಂತು. ಪ್ರತಿ ಅಮಾವಾಸ್ಯೆಗೆ ನಾಣ್ಯವನ್ನು ತೊಳೆದು, ಅರಿಷಿಣದ ಭಂಡಾರ ಏರಿಸಿ, ಮತ್ತೆ ಹಿತ್ತಾಳೆಯ ಡಬ್ಬಿಯಲ್ಲಿಡುವುದು ಅವರ ಕೆಲಸ.

೨೦೧೯ರ ಮಹಾಪೂರದಲ್ಲಿ ಇಂದ್ರವ್ವ ಮತ್ತು ಸೊಸೆ ಭಾಗ್ಯಾ ಉಟ್ಟ ಬಟ್ಟೆಯಲ್ಲೇ ದೋಣಿ ಹತ್ತಿದರು. ದೇವರ ಡಬ್ಬಿ ಅಟ್ಟದ ಮೇಲೇ ಉಳಿಯಿತು. ನೀರು ಇಳಿದ ಮೇಲೆ ಮರಳಿ ಬಂದು ನೋಡಿದರೆ ಡಬ್ಬಿ ಅಲ್ಲೇ ಇತ್ತು, ಆದರೆ ಮುಚ್ಚಳ ಕಳಚಿತ್ತು, ಒಳಗೆ ರಾಡಿ ತುಂಬಿತ್ತು. ದೇವರ ಮೇಲೆ ಹೊಲಸು ನೀರು ಹರಿದಿದೆಯೆಂಬ ಸಂಕಟದಲ್ಲಿ ಇಂದ್ರವ್ವ ನಾಣ್ಯಕ್ಕೆ ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ, ದಿನವಿಡೀ ತಿಕ್ಕಿದರು. ಯಾರ ಕಣ್ಣಿಗೂ ಬಿಳುಪಾಗಿ ಕಾಣದಿದ್ದ ಬೀರಪ್ಪ ಅಂಗಡಿಯಿಂದ ಆಗಷ್ಟೇ ತಂದ ಗೆಜ್ಜೆಯಂತೆ ಹೊಳೆಯತೊಡಗಿದ. ಅದು ಭಕ್ತಿಯಿಂದ ಮಾಡಿದ ಕೆಲಸ. ಸಂಶಯ ಹುಟ್ಟಿದ್ದು ಅದರಿಂದಲೇ.

ಮಹಾಪೂರದ ಹಿಂದೆಯೇ ಕೊರೋನಾ ಬಂತು. ಬಳಗದವರೆಲ್ಲ ಒಂದೆಡೆ ಸೇರುವುದು ಬಹುಕಾಲ ನಿಂತುಹೋಯಿತು. ಮತ್ತೆ ಸೇರಿದ ಮೊದಲ ಅಮಾವಾಸ್ಯೆಗೆ ಲಿಂಗನೂರಿನಿಂದ ದುಂಡವ್ವ ಬಂದರು. ಇವರು ಧೋಂಡಿಬಾನ ತಮ್ಮನ ಹೆಂಡತಿ, ಇಂದ್ರವ್ವನವರಿಗೆ ನೆಗೆಣ್ಣಿ. ಭಂಡಾರದ ಬಟ್ಟಲು ಕೈಯಲ್ಲಿ ಹಿಡಿದವರು ದೇವರನ್ನು ಕಂಡು ಬಟ್ಟಲನ್ನು ಕೆಳಗಿಟ್ಟರು.

“ಅಕ್ಕಾ, ನಮ್ಮ ಬೀರಪ್ಪ ಕರ್ರಗಿದ್ದ. ಈ ಮದುಮಗಾ ಯಾರ?”

“ತಿಕ್ಕೀನಿ ದುಂಡೀ. ಹೊಳೀ ರಾಡಿ ಹತ್ತಿತ್ತು.”

“ತಿಕ್ಕಿದ್ರ ಮಾರಿ ತೊಳೀತೈತಿ, ಮನಷ್ಯಾನ ಬದಲ ಆಗತಾನೇನು? ನಮ್ಮದು ಹೊಳಿಗೆ ಹೋಗೇತಿ. ಮಿರಜದ ಪ್ಯಾಟಿಯೊಳಗ ಇಂಥಾವು ಬೇಕಾದಷ್ಟು ಮಾರತಾರ.”

ಮುಂದಿನ ಅಮಾವಾಸ್ಯೆಯೊಳಗೆ ಇದು ಹಳೆಯ ದೇವರೇ ಎಂದು ತೋರಿಸಬೇಕು, ಇಲ್ಲವಾದರೆ ಡಬ್ಬಿ, ಗದ್ದುಗೆ, ಭಂಡಾರ ಎಲ್ಲವೂ ಲಿಂಗನೂರಿನ ತಮ್ಮ ಮನೆಗೆ ಬರಬೇಕು ಎಂದು ದುಂಡವ್ವ ಬಳಗದ ಮುಂದೆ ಹೇಳಿದರು. ಯಾರೂ ಅಡ್ಡಮಾತಾಡಲಿಲ್ಲ. ಡಬ್ಬಿ ಕೈತಪ್ಪುವುದಕ್ಕಿಂತ ದೊಡ್ಡ ಭಯವನ್ನು ಇಂದ್ರವ್ವ ಸೊಸೆಗೂ ಹೇಳಿರಲಿಲ್ಲ. ಕಳಚಿದ ಮುಚ್ಚಳ ಅವರ ಕಣ್ಣಿಂದ ಸರಿದಿರಲಿಲ್ಲ. ಖಾಲಿ ಮನೆಗೆ ಯಾರೋ ನುಗ್ಗಿ, ದೇವರನ್ನು ಒಯ್ದು, ಬದಲಿಗೆ ಇದನ್ನು ಇಟ್ಟಿದ್ದರೆ? ತಿಕ್ಕುವಾಗ ನಾಣ್ಯ ಹಗುರ ಅನಿಸಿತ್ತೆ? ಅಂದಿನಿಂದ ಪೂಜೆಗೆ ಕೂತಾಗಲೆಲ್ಲ ಕೈ ಮುಗಿಯುತ್ತಿತ್ತು, ಮನಸ್ಸು ಅಂಗೈಯಲ್ಲೇ ತೂಕ ನೋಡುತ್ತಿತ್ತು.

ಅಮಾವಾಸ್ಯೆ ಸಮೀಪಿಸಿದಾಗ ಅವರು ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಭಾಗ್ಯಾಳನ್ನು ಜೊತೆಗೆ ಕರೆದುಕೊಂಡು, ಸೇತುವೆ ದಾಟಿ ಸಾಂಗ್ಲಿಯ ಪೇಟೆಗೆ ಹೋದರು. ಬೆಳ್ಳಿ ವ್ಯಾಪಾರಿ ಗುರುಸಿದ್ಧಪ್ಪನವರ ಅಂಗಡಿಯ ಹಲಗೆ ಮರಾಠಿಯಲ್ಲಿದೆ, ಗಿರಾಕಿಗಳೊಂದಿಗಿನ ಮಾತು ಮರಾಠಿಯಲ್ಲಿದೆ. ಗುರುತಿನವರು ಬಂದರೆ ಮಾತ್ರ ಅವರು ಮನೆಯ ಕನ್ನಡಕ್ಕೆ ಇಳಿಯುತ್ತಾರೆ.

“ಬರ್ರಿ ವೈನಿ, ಕುಂದ್ರಿ. ಕಾಲಗಡಗ ತಂದೀರೇನು?”

“ದೇವ್ರನ್ನ ತಂದೇನ್ರಿ ಶೇಟ್ರ. ಖರೇನೋ ಖೋಟಾನೋ ನೋಡ್ರಿ.”

ಗುರುಸಿದ್ಧಪ್ಪ ನಗಲಿಲ್ಲ. ಚಪ್ಪಲಿ ಬಿಟ್ಟು ಕೈ ತೊಳೆದು ಬಂದರು. ನಾಣ್ಯವನ್ನು ತೂಗಿದರು, ಕಣ್ಣಿಗೆ ಭೂತಗನ್ನಡಿ ಹಿಡಿದು ಎರಡೂ ಮುಖ ನೋಡಿದರು, ಕಿಟಕಿಯ ಬೆಳಕಿಗೆ ಅಂಚನ್ನು ತಿರುಗಿಸಿದರು. ಎರಕದ ನಾಣ್ಯವಾದರೆ ಅಚ್ಚಿನ ಎರಡು ಭಾಗ ಕೂಡಿದಲ್ಲಿ ಗೆರೆಯಿರುತ್ತದೆ, ಗಾಳಿಯ ಸಣ್ಣ ಗುಳಿಗಳಿರುತ್ತವೆ. ಸುತ್ತಿಗೆಯಿಂದ ಮುದ್ರೆ ಒತ್ತಿದ ಹಳೆಯ ನಾಣ್ಯದಲ್ಲಿ ಅವು ಇರುವುದಿಲ್ಲ. ಆದರೆ ತಿಕ್ಕಿ ನುಣುಪಾದ ಈ ಅಂಚಿನಲ್ಲಿ ನೋಡಲು ಏನೂ ಉಳಿದಿರಲಿಲ್ಲ.

“ಭಾಳ ತಿಕ್ಕೀರಿ ವೈನಿ. ಇದರ ಮ್ಯಾಲ ಇದ್ದ ಸಾಕ್ಷಿ ಎಲ್ಲಾ ನಿಮ್ಮ ಬಚ್ಚಲದಾಗ ಹರದ ಹೋಗೇತಿ. ತೂಕ ಸರಿ ಐತಿ, ಆದ್ರ ಖೋಟಾ ಮಾಡಾವ್ರಿಗೂ ತಕ್ಕಡಿ ಇರತೈತಿ. ಅಂಚಿಗೆ ಸಣ್ಣದೊಂದು ಕಾನಸ ಹಚ್ಚಿ, ಚೂರ ಸವಸಿ, ಒಳಗಿನ ಬೆಳ್ಳಿ ನೋಡಬೇಕಾಗತೈತಿ.”

ಇಂದ್ರವ್ವ ಎದ್ದೇ ಬಿಟ್ಟರು. “ದೇವ್ರ ಮೈ ಕೊರೀತೀರಿ? ಭಿನ್ನ ಆದ ದೇವ್ರನ್ನ ನಮ್ಮಲ್ಲಿ ಇಡಂಗಿಲ್ರಿ. ಹೊಳಿಗೆ ಬಿಡತಾರ.”

“ಅತ್ತಿ, ಕಾಳಜಿ ಮಾಡಬ್ಯಾಡ್ರಿ, ಅವರೇನ ಇನ್ನೂ ಕಾನಸ ಹಚ್ಚಿಲ್ಲ,” ಎಂದು ಭಾಗ್ಯಾ ಕೈ ಹಿಡಿದು ಕೂರಿಸಿದಳು.

ಗುರುಸಿದ್ಧಪ್ಪ ಮತ್ತೆ ಅಂಚನ್ನು ನೋಡುತ್ತಿದ್ದರು. ಒಂದು ಕಡೆ ಜೋಳದ ಕಾಳಿನಷ್ಟು ಕಪ್ಪಗಿನ ಗಂಟು ಇತ್ತು. ನಾಣ್ಯವೆಲ್ಲ ಕಪ್ಪಗಿದ್ದಾಗ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ; ತಿಕ್ಕಿದಾಗ ಇಂದ್ರವ್ವ ಅದನ್ನು ಬಿಡದ ರಾಡಿಯೆಂದುಕೊಂಡಿದ್ದರು. ಗುರುಸಿದ್ಧಪ್ಪ ಅದನ್ನು ಉಗುರಿನಿಂದ ಒತ್ತಿದರು.

“ಇದು ಬೆಳ್ಳಿ ಅಲ್ರಿ. ಅರಗು. ತಗೀಲೇನು?”

ಇಂದ್ರವ್ವ ಸೊಸೆಯ ಮುಖ ನೋಡಿ ಹೂಂ ಎಂದರು. ಬಿಸಿನೀರಿನಲ್ಲಿ ಮೆತ್ತಗಾದ ಅರಗನ್ನು ಬೇವಿನ ಕಡ್ಡಿಯಿಂದ ಎಬ್ಬಿಸಿದಾಗ ಅದರಡಿಯಲ್ಲಿ ಉಳಿಯಿಂದ ಹೊಡೆದ ಒಂದು ಕಚ್ಚು ಕಾಣಿಸಿತು. ಹುಣಸೆಹಣ್ಣು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಒಳಗೋಡೆ ಕಡುಕಪ್ಪಾಗಿತ್ತು, ಉಪ್ಪಿನಂತೆ ಹರಳುಗಟ್ಟಿತ್ತು. ಗುರುಸಿದ್ಧಪ್ಪ ಅದನ್ನು ಹಲವು ಸಲ ತಿರುಗಿಸಿ ನೋಡಿ ನಿಧಾನವಾಗಿ ಮಾತಾಡಿದರು.

“ನನಗ ತಿಳಿದಷ್ಟು ಹೇಳತೇನ್ರಿ. ಈ ಕರಿ ಬಳದದ್ದಲ್ಲ, ಬೆಳ್ಳಿ ಒಳಗಿಂದ ಬಂದದ್ದು. ಹಿಂಗ ಹರಳಾಗಬೇಕಂದ್ರ ತಲಿತಲಾಂತರ ಮಣ್ಣಾಗ ಇರಬೇಕು. ಆ ಕಾಲದಾಗೂ ತಾಮ್ರದ ಮ್ಯಾಲ ಬೆಳ್ಳಿ ಹಚ್ಚಿ ಮೋಸ ಮಾಡತಿದ್ರು. ಅದಕ್ಕ ಯಾರೋ ನಮ್ಮಂಥಾ ಸರಾಫ ಉಳಿ ಹೊಡದ ನೋಡ್ಯಾನ. ಒಳಗ ಬೆಳ್ಳೀನ ಐತಿ. ನಿಮ್ಮ ದೇವ್ರು ಖರೇ.”

ಭಾಗ್ಯಾ ಕೈಮುಗಿದಳು. ಇಂದ್ರವ್ವನವರ ಮುಖದಲ್ಲಿ ಮೂಡಿದ ಗೆಲುವು ಅಲ್ಲೇ ಆರಿತು.

“ಅಂದ್ರ ಮೊದಲಿಂದ ಭಿನ್ನ ಆಗೇತಿ.”

ಗುರುಸಿದ್ಧಪ್ಪ ಅರಗಿನ ಕಡ್ಡಿ ಎತ್ತಿಕೊಂಡರು. “ಹೊಸಾ ಅರಗು ತುಂಬಿ ಕೊಡ್ಲೇನು? ಯಾರಿಗೂ ಕಾಣಂಗಿಲ್ಲ.”

“ತುಂಬಿದ್ರ ದುಂಡವ್ವಗ ಏನ ತೋರಸ್ಲಿ? ತುಂಬದಿದ್ರ ಬೀರಪ್ಪಗ ಏನ ಹೇಳ್ಲಿ?”

ಅರಗು ತುಂಬಿಸದೆಯೇ ಅವರು ಹೊರಟರು. ಸೇತುವೆಯ ನಡುವೆ ನಿಂತು ನೀರನ್ನು ನೋಡಿದರೆಂದು ಭಾಗ್ಯಾ ನೆನೆಯುತ್ತಾಳೆ. ಅತ್ತೆ ಡಬ್ಬಿಯನ್ನು ಅಲ್ಲೇ ಬಿಟ್ಟುಬಿಡುತ್ತಾರೇನೋ ಎಂದು ಅವಳು ಸೆರಗನ್ನು ಬಿಗಿಯಾಗಿ ಹಿಡಿದಿದ್ದಳಂತೆ. ಇಂದ್ರವ್ವ ಇದನ್ನು ಒಪ್ಪುವುದಿಲ್ಲ. ಕಾಲು ನೋಯುತ್ತಿತ್ತು, ನಿಂತೆ ಎನ್ನುತ್ತಾರೆ. ಅಮಾವಾಸ್ಯೆಯವರೆಗೆ ಅವರಿಗೆ ಊಟ ಸೇರಲಿಲ್ಲ ಎಂಬುದರಲ್ಲಿ ಮಾತ್ರ ಇಬ್ಬರೂ ಒಂದೇ ಮಾತು ಹೇಳುತ್ತಾರೆ.

ಬಳಗ ಸೇರಿದ ದಿನ ಅವರು ನಾಣ್ಯವನ್ನು ಗದ್ದುಗೆಯ ಮೇಲೆ ಇಡಲಿಲ್ಲ. ಕಚ್ಚು ಮೇಲೆ ಕಾಣುವಂತೆ ಅಂಗೈಯಲ್ಲಿ ಹಿಡಿದು, ಮೊದಲು ದುಂಡವ್ವನವರ ಮುಂದೆ, ಆಮೇಲೆ ಬಳಗದ ಹಿರಿಯ ಗುರಲಿಂಗನ ಮುಂದೆ ನಿಂತು, ಅಂಗಡಿಯಲ್ಲಿ ಕೇಳಿದ್ದನ್ನೆಲ್ಲ ಹೇಳಿದರು. ಕೊನೆಗೆ, “ನಾ ಕಳದಿಲ್ಲ. ಆದ್ರ ಇದು ಭಿನ್ನ ಐತಿ. ಏನ ಮಾಡತೀರಿ ಮಾಡ್ರಿ,” ಎಂದರು.

ಗುರಲಿಂಗ ನಾಣ್ಯವನ್ನು ಮುಟ್ಟಲಿಲ್ಲ. “ಹೊಳಿಗೆ ಬಿಡೂದು. ಮತ್ತೇನೈತಿ?”

ಇಂದ್ರವ್ವ ಕಣ್ಣು ಮುಚ್ಚಿದರು. ಮಾತಾಡಿದ್ದು ದುಂಡವ್ವ.

“ಯಾಕ ಬಿಡೂದು ಕಾಕಾ? ಹುಟ್ಟಾ ಕುಂಟ ಮರಿಗೆ ಕಾಲ ಮುರದೇವಿ ಅಂತೀರೇನು? ನಮ್ಮ ಕೈಗೆ ಬರೂಮುಂದನ ಹಿಂಗಿತ್ತು.”

“ನಿನಗೇನ ಗೊತ್ತು?”

“ಅರಗ ತುಂಬಿದಾಂವ ಯಾರು? ಇದನ್ನ ಹೊಲದಾಗ ಹೆಕ್ಕಿದ ನಮ್ಮ ಮುತ್ತ್ಯಾನ. ಅಂವಗ ಗೊತ್ತಿತ್ತು. ಗೊತ್ತಿದ್ದ ಪೂಜಿ ಮಾಡ್ಯಾನ.”

“ಗೊತ್ತಿದ್ದ ಮುಚ್ಚಿಟ್ಟಾನ,” ಎಂದರು ಗುರಲಿಂಗ. “ಅಂದ್ರ ತಪ್ಪು ಅನ್ನೂದೂ ಗೊತ್ತಿತ್ತು.”

ದುಂಡವ್ವ ನೆಗೆಣ್ಣಿಯ ಅಂಗೈಯಿಂದ ನಾಣ್ಯವನ್ನು ತೆಗೆದು ಗದ್ದುಗೆಯ ಮೇಲಿಟ್ಟು, ಬಟ್ಟಲಿನಿಂದ ಚಿಟಿಕೆ ಭಂಡಾರ ಏರಿಸಿದರು. ದೇವರು ಲಿಂಗನೂರಿಗೆ ಬರಬೇಕೆಂಬ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಅವರ ಹಿಂದೆ ಬಂದರು. ಗಂಡಸರಲ್ಲಿ ಕೆಲವರು ಬಂದರು, ಕೆಲವರು ಗುರಲಿಂಗನ ಮುಖ ನೋಡುತ್ತ ಕೂತರು.

ಗುರಲಿಂಗ ಭಂಡಾರ ಏರಿಸಲು ಬರಲಿಲ್ಲ; ಹೊರಟೂ ಹೋಗಲಿಲ್ಲ. ಹೊಸ್ತಿಲ ಬಳಿ ಗೋಡೆಗೆ ಒರಗಿ, “ಮುಂದಿನ ಅಮಾಸಿಗೆ ನೋಡೂಣು,” ಎಂದರು. ಸಾಲು ಕರಗಿದ ಮೇಲೆ, “ಊಟಕ್ಕಾದ್ರೂ ನೀಡ್ರಿ,” ಎಂದರು.

ಅವರಿಗೆ ದುಂಡವ್ವನೇ ನೀಡಿದರು. ಇಂದ್ರವ್ವ ಗದ್ದುಗೆಯ ಮುಂದೆ ಕೂತು, ನಾಣ್ಯದ ಕಚ್ಚಿನ ಮೇಲೆ ಇನ್ನೊಂದು ಚಿಟಿಕೆ ಭಂಡಾರ ಏರಿಸುತ್ತಿದ್ದರು.