ದೀಪ ಹಚ್ಚದ ಒಂದು ಸಂಜೆ

ಕಡಲ ಸದ್ದು ಕೇಳುತ್ತ ಮಲಗಿ, ಅದೇ ಸದ್ದು ಕೇಳುತ್ತ ಏಳುವ ತ್ರಾಸಿಗೆ ಮದುವೆಯಾಗಿ ಬಂದವಳು ನಾನು. ಹೇಳಿದರೆ ನಗುತ್ತೀರಿ, ಸೂರ್ಯ ಕಡಲಿಗೆ ಇಳಿಯುವುದನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಒಮ್ಮೆ ಅದಕ್ಕೆಂದೇ ಹೋದೆವು. ಅವತ್ತೂ ಕಾಣಲಿಲ್ಲ. ಕಣ್ಣು ಸರಿಯಿತ್ತು, ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ಆದರೂ ತಪ್ಪಿತು. ಹೇಗೆ ತಪ್ಪಿತು ಎಂದು ಹೇಳುವುದಕ್ಕೇ ಇಷ್ಟು ಬರೆಯಲು ಕುಳಿತಿದ್ದೇನೆ.

ಬೊಂಬಾಯಿಯಿಂದ ಬರುವ ನೆಂಟರು ನಮ್ಮನ್ನು ಕಂಡು ಹೊಟ್ಟೆಕಿಚ್ಚು ಪಡುತ್ತಾರೆ. ನೀವು ಪುಣ್ಯವಂತರು, ದಿನಾ ಸೂರ್ಯಾಸ್ತ ನೋಡಬಹುದು ಎನ್ನುತ್ತಾರೆ. ಪುಣ್ಯವಂತರು ಹೌದು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಸೂರ್ಯ ಮುಳುಗುವ ಹೊತ್ತೂ ಮನೆಯಲ್ಲಿ ದೀಪ ಹಚ್ಚುವ ಹೊತ್ತೂ ಒಂದೇ ಎಂಬುದು ಅವರಿಗೆ ಮರೆತುಹೋಗಿರುತ್ತದೆ. ಅವನು ಅತ್ತ ಇಳಿಯುವಾಗ ನಾವು ಇತ್ತ ಕೈಕಾಲು ತೊಳೆದು, ಸೆರಗು ಹೊದ್ದು, ದೇವರ ಮುಂದೊಂದು ತುಳಸಿಯ ಮುಂದೊಂದು ದೀಪ ಹಚ್ಚಿ ಕೈ ಮುಗಿಯುತ್ತಿರುತ್ತೇವೆ. ಮುಗಿದ ತಲೆ ಎತ್ತುವಷ್ಟರಲ್ಲಿ ಪಡುವಣದಲ್ಲಿ ಕೆಂಪು ಮಾತ್ರ ಉಳಿದಿರುತ್ತದೆ. ಊಟ ಮುಗಿದ ಪಂಕ್ತಿಗೆ ಹೋಗಿ ಎಂಜಲೆಲೆ ನೋಡಿ, ಪಾಯಸ ಮಾಡಿದ್ದರು ಅಂತ ಕಾಣುತ್ತದೆ ಎಂದುಕೊಂಡ ಹಾಗೆ.

ಈ ಮುಸ್ಸಂಜೆಯೆಂಬುದು ಹೆಂಗಸರ ಪಾಲಿಗೆ ಬಹಳ ಇಕ್ಕಟ್ಟಿನ ಹೊತ್ತು. ಆಗ ಮಲಗಬಾರದು, ತಲೆ ಬಾಚಬಾರದು, ಕಸ ಹೊರಗೆ ಹಾಕಬಾರದು, ಹೊಸ್ತಿಲ ಮೇಲಂತೂ ಕೂರಲೇಬಾರದು. ಪುರಾಣದಲ್ಲಿ ಒಬ್ಬ ದೊಡ್ಡ ರಾಕ್ಷಸನ ಕತೆ ಮುಸ್ಸಂಜೆ ಹೊತ್ತಿನಲ್ಲಿ ಹೊಸ್ತಿಲ ಮೇಲೆಯೇ ಮುಗಿದದ್ದು, ಅಂಥವನಿಗೇ ಆ ಜಾಗ ಆಗಿಬರಲಿಲ್ಲ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಲಕ್ಷ್ಮಿ ಬರುವ ಹೊತ್ತು ಅದು. ಬಂದವಳು ಬಾಗಿಲಲ್ಲಿ ಕತ್ತಲೆ ಕಂಡರೆ ಮುಂದಿನ ಮನೆಗೆ ಹೋಗುತ್ತಾಳೆ. ಅವಳನ್ನು ಹಾಗೆ ಕಳಿಸಿ ಸೂರ್ಯನನ್ನು ನೋಡುತ್ತ ನಿಲ್ಲುವ ಧೈರ್ಯ ನನಗಂತೂ ಇಲ್ಲ.

ಗಂಡಸರ ಸಂಜೆ ಬೇರೆ. ಯುದ್ಧದ ಆ ವರ್ಷಗಳಲ್ಲಿ ಬಸ್ಸಿನಲ್ಲಿ ಬರುವ ಪೇಪರಿಗೆ ಕಾದು, ರಸ್ತೆ ಬದಿಯ ಅಂಗಡಿ ಜಗಲಿಯಲ್ಲಿ ಒಬ್ಬರು ಓದಿ ಉಳಿದವರು ಕೇಳುತ್ತಿದ್ದರು. ನಮ್ಮನೆಯವರು ಅಲ್ಲಿಂದ ಬರುವಾಗ ಜರ್ಮನಿಯವರು ಎಲ್ಲಿ ತಪ್ಪಿದರು ಎಂಬುದನ್ನು ಸರಿಯಾಗಿ ತಿಳಿದುಕೊಂಡೇ ಬರುತ್ತಿದ್ದರು. ಕೊಟ್ಟಿಗೆಯ ಬಾಗಿಲು ಹಾಕಿದ್ದಾರೋ ಇಲ್ಲವೋ ಎಂಬುದೊಂದು ಮಾತ್ರ ಅವರಿಗೆ ನೆನಪಿರುತ್ತಿರಲಿಲ್ಲ.

ನಮಗೆ ಬಿಡುವು ಸಿಗುತ್ತಿದ್ದದ್ದು ಮಧ್ಯಾಹ್ನ, ಪಾತ್ರೆ ತೊಳೆದಾದ ಮೇಲೆ. ಒಂದೇ ಕುಟುಂಬದ ನಾಲ್ಕು ಮನೆಗಳು ರಸ್ತೆಯ ಮೂಡು ಬದಿಯ ಏರಿನಲ್ಲಿ ಹತ್ತಿರ ಹತ್ತಿರ ಇದ್ದವು. ಆ ನಾಲ್ಕು ಮನೆಗೆ ಸೊಸೆಯಾಗಿ ಬಂದ ನಾಲ್ವರು ನಮ್ಮ ಹಿಂದಿನ ಜಗಲಿಯಲ್ಲಿ ಸೇರುತ್ತಿದ್ದೆವು. ಓರಗಿತ್ತಿಯರಾದರೂ ಸ್ನೇಹದಿಂದಿದ್ದೆವು, ಅದು ದೇವರ ಒಂದು ಉಪಕಾರ. ಸೀತಕ್ಕ ಎಲ್ಲರಿಗೂ ಹಿರಿಯಳು, ಬಾಯಿ ಜೋರು. ಗಿರಿಜೆ ನನ್ನ ವಾರಿಗೆಯವಳು. ಲಲಿತೆ ಎಲ್ಲರಿಗಿಂತ ಚಿಕ್ಕವಳು, ವಂಡ್ಸೆ ಕಡೆಯ ಹುಡುಗಿ. ಬೆರಳಿಗೆ ಚೂರು ವಿಭೂತಿ ಸವರಿಕೊಂಡು ಹತ್ತಿ ಎಳೆದು ಸಂಜೆಯ ದೀಪಕ್ಕೆ ಬತ್ತಿ ಹೊಸೆಯುವುದು ನಮ್ಮ ಕೆಲಸ. ಸಂಜೆ ಬಿಡುವಿದ್ದರೆ ಎಲ್ಲಿಗೆ ಹೋಗಬಹುದಿತ್ತು ಎಂದು ಲೆಕ್ಕ ಹಾಕುವುದು ಮನರಂಜನೆ. ಎರಡೂ ಒಟ್ಟಿಗೇ ನಡೆಯುತ್ತಿತ್ತು. ನಮ್ಮನ್ನು ಸಂಜೆ ಮನೆಯಲ್ಲಿ ಕಟ್ಟಿಹಾಕುವ ಬತ್ತಿಯನ್ನು ನಾವೇ ಹೊಸೆಯುತ್ತ ತಿರುಗಾಟದ ಮಾತಾಡುತ್ತಿದ್ದೆವೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಸೀತಕ್ಕನ ತಿರುಗಾಟ ಯಾವಾಗಲೂ ದೊಡ್ಡದು.

"ಕುಂದಾಪ್ರಕ್ಕೆ ಹೋಪ. ಬಸ್ಸಂಗೆ ಮುಂದಿನ ಸೀಟಂಗೇ ಕೂಕಂಬ. ಗಂಡ್ಸ್ರ್ ಹಿಂದ್ ಕೂಕಣ್ಲಿ."

"ಆ ಇದ್ಲ್ ಬಸ್ಸ್ ಏರಂಗೆ ನಿಂತ್ರೆ ದೂಡುಕೆ ಇಳೀಕ್ ಸೀತಕ್ಕ," ಎಂದು ಗಿರಿಜೆ. "ಮುಂದಿನ ಸೀಟ್ನರೇ ಮೊದ್ಲ್ ಇಳೂದ್."

ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಕಾಲ ಅದು. ಗಿರಿಜೆಯ ಆಸೆ ಇನ್ನೊಂದು ತರಹ. "ನಂಗೆ ಎಲ್ಲಿಗೂ ಹೋಪುದ್ ಬ್ಯಾಡ ಮಾರಾಯ್ತಿ. ಹೊಯ್ಗೆ ಮೇಲ್ ಕೂಕಣ್ಕ್, 'ಗಿರಿಜೇ' ಅಂದ್ ಯಾರೂ ಕರೂಕಾಗ. ಅಷ್ಟ್ ಸಾಕ್." ನಾನು ಹೇಳುತ್ತಿದ್ದದ್ದು ಸೂರ್ಯನ ವಿಷಯ. ಇಷ್ಟು ಹತ್ತಿರವಿದ್ದು ಒಮ್ಮೆಯೂ ಕಾಣದೆ ಸತ್ತರೆ ಮೇಲೆ ಯಾರಾದರೂ ಕೇಳಿದಾಗ ಏನು ಹೇಳುವುದು ಎಂಬ ಚಿಂತೆ ನನಗೆ. ಇಂಥ ತಿರುಗಾಟಗಳಿಗೆ ಒಂದು ಗುಣವಿದೆ. ಹೋಗದೆ ಇದ್ದಷ್ಟು ದಿನ ಎಲ್ಲಿಗೆ ಬೇಕಾದರೂ ಹೋಗಬಹುದು. ಬತ್ತಿ ಮುಗಿಯುವಾಗ ನಾವು ಕುಂದಾಪುರ ಸುತ್ತಿ, ಹೊಳೆ ದಾಟಿ, ಮರವಂತೆಯಲ್ಲಿ ಎಳನೀರು ಕುಡಿದು ವಾಪಸು ಬಂದಿರುತ್ತಿದ್ದೆವು. ಕಾಲಿಗೆ ನೋವಿಲ್ಲ, ಅತ್ತೆಯ ಬೈಗುಳವಿಲ್ಲ.

ಲಲಿತೆ ಮಾತ್ರ ಸುಮ್ಮನೆ ಕೇಳುತ್ತಿದ್ದಳು. ಅವಳಿಗೆ ಆಗ ತಿಂಗಳು ತುಂಬುತ್ತ ಬಂದಿತ್ತು. ಮೊದಲೆರಡು ಬಾರಿ ತವರಿನಲ್ಲಿ ಹೆತ್ತಿದ್ದಳು. ಎರಡು ಕೂಸೂ ಹತ್ತು ದಿನ ಕಾಣಲಿಲ್ಲ. ನಡುವೆ ತಾಯಿಯೂ ತೀರಿಕೊಂಡಿದ್ದರಿಂದ ಈ ಸಲ ಇಲ್ಲೇ ಗಂಡನ ಮನೆಯಲ್ಲಿ ಇಟ್ಟುಕೊಂಡಿದ್ದರು. ನಮ್ಮಲ್ಲಿ ಹುಟ್ಟುವ ಮೊದಲು ಕೂಸಿಗೆಂದು ಏನನ್ನೂ ಮಾಡಿಡುವ ಪದ್ಧತಿಯಿಲ್ಲ. ಕುಲಾವಿ ಹೊಲಿಯುವಂತಿಲ್ಲ, ತೊಟ್ಟಿಲು ಕೆಳಗಿಳಿಸುವಂತಿಲ್ಲ, ಹೆಸರಿನ ಮಾತು ಎತ್ತುವಂತಿಲ್ಲ. ಎರಡು ಕಳೆದುಕೊಂಡವಳ ಮುಂದಂತೂ ಹೆರಿಗೆಯೆಂಬ ಶಬ್ದವನ್ನೇ ನಾವು ನುಂಗಿಕೊಳ್ಳುತ್ತಿದ್ದೆವು. ಅವಳ ಹೊಟ್ಟೆ ಕಣ್ಣಿಗೆ ಕಾಣುತ್ತಿತ್ತು, ಮಾತಿನಲ್ಲಿ ಇರಲಿಲ್ಲ.

ಒಂದು ದಿನ ನಾನು ಮತ್ತೆ ಸೂರ್ಯನ ಮಾತೆತ್ತಿ, ನಾಲ್ಕು ಮನೆಯ ದೀಪ ಬಿಟ್ಟು ಹೋಗುವುದು ಈ ಜನ್ಮದಲ್ಲಿಲ್ಲ ಎಂದೆ. ಲಲಿತೆ ಕೈಯಲ್ಲಿದ್ದ ಹತ್ತಿಯನ್ನೇ ನೋಡುತ್ತ ಹೇಳಿದಳು:

"ನಾನ್ ಹೆತ್ರೆ ನಿಮ್ಗೆಲ್ಲ ಒಟ್ಟಿಗೇ ಅಮೆ ಬತ್ತ್ ಅಲ್ದಾ. ದೀಪ ಹಚ್ಚುಕಿಲ್ಲೆ. ಆಗ ಹೋಯಿ ಬನ್ನಿ."

ಅಮೆಯೆಂದರೆ ಹುಟ್ಟಿನ ಮೈಲಿಗೆ. ಕುಟುಂಬದ ಒಂದು ಮನೆಯಲ್ಲಿ ಕೂಸು ಹುಟ್ಟಿದರೆ ಎಲ್ಲ ಮನೆಗಳಿಗೂ ಹತ್ತು ದಿನ. ದೇವರ ಪೂಜೆಯಿಲ್ಲ, ತುಳಸಿಯ ಮುಂದೆ ದೀಪವಿಲ್ಲ. ಸಾವಿನ ಸೂತಕವೂ ಹೀಗೆಯೇ, ಆದರೆ ಅದು ಅಳುವ ಹತ್ತು ದಿನ, ಇದು ನಗುವ ಹತ್ತು ದಿನ. ಹುಡುಗಿ ಹೇಳಿದ್ದು ಶಾಸ್ತ್ರಕ್ಕೆ ಸರಿಯಾಗಿಯೇ ಇತ್ತು. ಆದರೆ ನಾವು ನುಂಗಿಕೊಳ್ಳುತ್ತಿದ್ದ ಮಾತು ಅವಳ ಬಾಯಿಂದಲೇ ಬಂದಿತ್ತು. ಗಿರಿಜೆ ನನ್ನ ಮುಖ ನೋಡಿದಳು. ನಾನು ಮನಸ್ಸಿನಲ್ಲೇ ಊರ ದೇವರನ್ನು ಕರೆದೆ. ಲಲಿತೆ ಅಷ್ಟು ಹೇಳಿ, ಹೇಳಬಾರದ್ದು ಹೇಳಿದವಳಂತೆ ತಲೆ ತಗ್ಗಿಸಿದ್ದಳು. ಮೊದಲು ಬಾಯಿಬಿಟ್ಟವಳು ಸೀತಕ್ಕ.

"ಹೋಪುದೇ ಸೈ," ಎಂದಳು. "ಅವಲಕ್ಕಿಗೆ ಬೆಲ್ಲ ಹಾಕುದಾ, ಮೆಣ್ಸ್ ಹಾಕುದಾ? ಅದನ್ ಹೇಳಿ ಮೊದ್ಲ್."

ಆ ದಿನದಿಂದ ನಮ್ಮ ಬೇರೆ ತಿರುಗಾಟಗಳೆಲ್ಲ ನಿಂತುಹೋದವು. ಕಡಲಿಗೆ ಹೋಗುವ ಮಾತೊಂದೇ. ಯಾವ ದಾರಿಯಲ್ಲಿ ಇಳಿಯುವುದು, ಯಾವ ಮರಳ ದಿಬ್ಬದ ಮೇಲೆ ಕೂರುವುದು, ಚಾಪೆ ಯಾರು ತರುವುದು. ಬೆಲ್ಲವೆಂದು ಸೀತಕ್ಕ, ಮೆಣಸೆಂದು ಗಿರಿಜೆ. ಲಲಿತೆಯೇ ನ್ಯಾಯ ಹೇಳಿ ಎರಡೂ ಮಾಡಿ ಎಂದಳು. ಕುಲಾವಿ ಹೊಲಿಯಬಾರದು ಎಂದಿದೆ, ಅವಲಕ್ಕಿಯ ಮಾತಾಡಬಾರದು ಎಂದು ಯಾವ ಹಿರಿಯರೂ ಹೇಳಿಲ್ಲವಲ್ಲ. ಅಮೆ ಬಂದೇ ಬರುತ್ತದೆ ಎಂದು ನಾವು ದಿನಾ ಮಾತಿನಲ್ಲೇ ಚಾಪೆ ಹಾಸುತ್ತಿದ್ದೆವು. ದೇವರ ಮುಂದೆ ಕಣ್ಣುಮುಚ್ಚಿ ಬೇಡಿಕೊಂಡದ್ದಕ್ಕಿಂತ ಜಾಸ್ತಿ ನಾನು ಆ ಜಗಲಿಯಲ್ಲಿ, ಬೆಲ್ಲ ಮೆಣಸಿನ ಜಗಳದ ನಡುವೆ ಬೇಡಿಕೊಂಡಿದ್ದೇನೆ. ಅದು ಪ್ರಾರ್ಥನೆಯೆಂದು ಯಾರೂ ಹೆಸರಿಡಲಿಲ್ಲ, ಅಷ್ಟೆ.

ಹೆರಿಗೆ ಸುಲಭವಾಗಲಿಲ್ಲ. ಬೆಳಿಗ್ಗೆ ಒಳಗೆ ಹೋದ ಸೂಲಗಿತ್ತಿ ಮಧ್ಯಾಹ್ನವಾದರೂ ಬಿಸಿನೀರು ಕೇಳುವುದಕ್ಕಲ್ಲದೆ ಹೊರಗೆ ತಲೆ ಹಾಕಲಿಲ್ಲ. ನಾವು ಮೂವರೂ ಅವರ ಹಿತ್ತಿಲ ಜಗಲಿಯಲ್ಲಿ ಕುಳಿತು ಸುಮ್ಮನೆ ಬತ್ತಿ ಹೊಸೆದೆವು. ದೀಪಾವಳಿಗೂ ಬೇಡ, ಅಷ್ಟು ಬತ್ತಿ. ಬಿಸಿಲು ಇಳಿಯುವ ಹೊತ್ತಿಗೆ ಒಳಗಿನಿಂದ ಒಂದು ಸಣ್ಣ ಅಳು ಕೇಳಿತು. ಬೆಕ್ಕಿನ ಮರಿಯ ಹಾಗೆ, ಆದರೆ ನಿಲ್ಲದ ಅಳು. ಸೀತಕ್ಕ ಕೈಯಲ್ಲಿದ್ದ ಹತ್ತಿಯನ್ನು ತಟ್ಟನೆ ಕೆಳಗಿಟ್ಟಳು.

"ಅಮೆ ಬಂತ್!" ಎಂದಳು. ಮೈಲಿಗೆ ಬಂತೆಂದು ಅಷ್ಟು ಸಂತೋಷಪಟ್ಟವರನ್ನು ನಾನು ನೋಡಿಲ್ಲ.

ಹೆಣ್ಣುಕೂಸು. ತಾಯಿಯೂ ಇದ್ದಳು, ಕೂಸೂ ಇತ್ತು. ಆದರೆ ನಮಗೆ ಯಾರಿಗೂ ಕಡಲಿನ ಮಾತೆತ್ತುವ ಮನಸ್ಸಾಗಲಿಲ್ಲ. ಹಿಂದಿನ ಎರಡೂ ಹುಟ್ಟಿದ ಮೇಲೆಯೇ ಹೋದದ್ದಲ್ಲವೇ? ಬೆಳಗಾದರೆ ನಾನು ಮೊದಲು ಆ ಮನೆಯ ಕಡೆ ಕಿವಿ ಕೊಡುತ್ತಿದ್ದೆ. ಅಳು ಕೇಳಿದರೆ ಒಂದು ದಿನ ದಾಟಿತು ಎಂದುಕೊಳ್ಳುತ್ತಿದ್ದೆ. ಅಮೆ ಮುಗಿಯುತ್ತ ಬಂದಾಗ, ಬಾಳಂತಿ ಕೋಣೆಯ ಕಿರುಕಿಟಕಿಯ ಹೊರಗೆ ನಿಂತು ಮಾತಾಡಿಸುತ್ತಿದ್ದ ನಮ್ಮನ್ನು ಲಲಿತೆಯೇ ತರಾಟೆಗೆ ತೆಗೆದುಕೊಂಡಳು.

"ಇನ್ನೂ ಹೋಯ್ಲಿಲ್ಯಾ? ಎಂತಕ್? ನಿಮ್ಗೂ ಹೆದ್ರಿಕ್ಯಾ?"

ಆ "ನಿಮ್ಗೂ" ಎಂಬ ಮಾತಿನಲ್ಲಿ ಅವಳ ಹೆದರಿಕೆಯೂ ಇತ್ತು. ನಾವು ಹೋಗದಿದ್ದರೆ ನಮಗೆ ನಂಬಿಕೆಯಿಲ್ಲವೆಂದು ಅವಳಿಗೆ ತಿಳಿಯುತ್ತಿತ್ತು. ಅವತ್ತು ಬೆಳಿಗ್ಗೆ ಕೂಸು ಸರಿಯಾಗಿ ಹಾಲು ಕುಡಿದಿರಲಿಲ್ಲ, ಮೈ ಬೆಚ್ಚಗಿದೆ ಎಂದು ಸೂಲಗಿತ್ತಿ ಬೇರೆ ಹೇಳಿದ್ದಳು. ಆದರೂ ಹೊರಟೆವು. ಚಾಪೆ ಮಡಚಿಕೊಂಡು ಅಂಗಳಕ್ಕೆ ಇಳಿಯುವಾಗ ಅತ್ತೆ ಎಲ್ಲಿಗೆ ಎಂದು ಕೇಳಿದರು. ಸೂರ್ಯ ಮುಳುಗುವುದನ್ನು ನೋಡಲಿಕ್ಕೆ ಎಂದೆ.

"ನೀವ್ ಹೋಯಿ ಕಾಣ್ದಿರೆ ಅವ ಮುಳ್ಗುದಿಲ್ಯಾ?" ಎಂದರು. ಆದರೆ ತಡೆಯಲಿಲ್ಲ. ಮಣ್ಣಿನ ಹಾದಿಯಲ್ಲಿ ಜೋಪಾನ ಎಂದು ಹಿಂದಿನಿಂದ ಕೂಗಿದರು.

ಹೊಯ್ಗೆ ದಿಬ್ಬದ ಮೇಲೆ ಚಾಪೆ ಹಾಸಿ ಕುಳಿತೆವು. ಸೂರ್ಯ ಇನ್ನೂ ಎರಡಾಳು ಮೇಲಿದ್ದ, ಕಣ್ಣು ಕುಕ್ಕುತ್ತಿದ್ದ. ಸೀತಕ್ಕ ಬೆಲ್ಲದ ಅವಲಕ್ಕಿಯ ಗಂಟು ಬಿಚ್ಚಿದಳು. ಗಿರಿಜೆಗೆ ಯಾರೂ ಕರೆಯದ ಸುಖ ಸಿಕ್ಕಿತ್ತು, ಆದರೆ ಅವಳು ಮತ್ತೆ ಮತ್ತೆ ಹಿಂದೆ ತಿರುಗಿ ಮನೆಗಳ ಕಡೆ ನೋಡುತ್ತಿದ್ದಳು.

"ಹಿಂದೆ ಎಂತ ಕಾಂಬುದ್ ಹೆಣೆ? ಸೂರ್ಯ ಇತ್ಲಾಗಿತ್," ಎಂದಳು ಸೀತಕ್ಕ.

"ಬಾಳಂತಿ ದೀಪ ಕಾಂತಿಲ್ಲೆ ಸೀತಕ್ಕ."

ಬಾಳಂತಿ ಕೋಣೆಯ ದೀಪವನ್ನು ಹಗಲೂ ರಾತ್ರಿ ಆರಲು ಬಿಡುವುದಿಲ್ಲ. ಅಮೆಯಾಗಲಿ ಏನೇ ಆಗಲಿ, ಆ ಒಂದು ದೀಪಕ್ಕೆ ತಡೆಯಿಲ್ಲ. ಮೂವರೂ ತಿರುಗಿ ನೋಡಿದೆವು. ಮನೆಯೊಳಗೇ ಇದ್ದು ದೀಪ ಹಚ್ಚುವ ನಾವು ನಮ್ಮ ಊರು ದೀಪ ಹಚ್ಚುವುದನ್ನು ಹೊರಗೆ ನಿಂತು ಒಮ್ಮೆಯೂ ನೋಡಿರಲಿಲ್ಲ. ರಸ್ತೆಯಾಚೆ ಮೊದಲು ಒಂದು ಮನೆಯ ತುಳಸಿಯ ಮುಂದೆ ಚುಕ್ಕಿಯ ಹಾಗೆ ಹೊತ್ತಿತು. ಆಮೇಲೆ ಕೆಳಗೆ, ಬಲೆ ಒಣಹಾಕುವವರ ಕೇರಿಯಲ್ಲಿ ಒಂದು, ಅದರ ಬದಿಗೊಂದು. ಹೆಂಗಸರು ಕಾಣುತ್ತಿರಲಿಲ್ಲ, ಅವರು ಬಗ್ಗಿದ ಜಾಗದಲ್ಲಿ ಬೆಳಕು ಮಾತ್ರ ಉಳಿಯುತ್ತಿತ್ತು. ನಡುವೆ ನಮ್ಮ ನಾಲ್ಕು ಮನೆ ಹಲ್ಲು ಬಿದ್ದ ಬಾಯಿಯ ಹಾಗೆ ಕಪ್ಪಗೆ. ಸೀಮೆಎಣ್ಣೆ ಅಳೆದು ಕೊಡುತ್ತಿದ್ದ ಕಾಲ, ಪೂರ್ತಿ ಕತ್ತಲಾಗದೆ ಚಿಮಣಿಯನ್ನೂ ಹಚ್ಚುತ್ತಿರಲಿಲ್ಲ. ಲಲಿತೆಯ ಮನೆಯ ಕಡೆ ಎಷ್ಟು ಕಣ್ಣು ಕಿರಿದು ಮಾಡಿದರೂ ಏನೂ ಇಲ್ಲ. ಗಿರಿಜೆ ನನ್ನ ಕೈ ಹಿಡಿದುಕೊಂಡಿದ್ದಳು. ಸೀತಕ್ಕನ ಕೈಯಲ್ಲಿದ್ದ ಅವಲಕ್ಕಿ ಬಾಯಿಗೆ ಹೋಗಿರಲಿಲ್ಲ.

ಇನ್ನೂ ಸ್ವಲ್ಪ ಕತ್ತಲಾಯಿತು. ಆಗ ಕಂಡಿತು. ಕಿರುಕಿಟಕಿಯಲ್ಲಿ, ಅರಿಶಿನದ ಬೊಟ್ಟಿನಷ್ಟು. ಅದು ಎಲ್ಲೂ ಹೋಗಿರಲಿಲ್ಲ, ಇಡೀ ಹಗಲು ಅಲ್ಲೇ ಉರಿಯುತ್ತಿತ್ತು. ನಮಗೆ ಕಾಣುವಷ್ಟು ಕತ್ತಲಾಗಿರಲಿಲ್ಲ, ಅಷ್ಟೆ. ಮೂವರ ಕೈಯೂ ತಾನಾಗಿ ಜೋಡಿಸಿಕೊಂಡಿತು. ಅಮೆಯಲ್ಲಿ ದೇವರಿಗೆ ಕೈ ಮುಗಿಯಬಹುದೋ ಬಾರದೋ, ಆ ಹೊತ್ತಿನಲ್ಲಿ ಯಾರೂ ಕೇಳಿಕೊಳ್ಳಲಿಲ್ಲ.

ಮತ್ತೆ ಕಡಲಿನ ಕಡೆ ತಿರುಗಿದಾಗ ಕೆಂಪು ಮಾತ್ರ ಉಳಿದಿತ್ತು. ದಿನಾ ಉಳಿಯುವ ಹಾಗೆಯೇ.

ಬಂದವರು ಸೀದಾ ಆ ಕಿಟಕಿಗೆ ಹೋದೆವು. ಕೂಸು ಚೀಪುವ ಸದ್ದು ಹೊರಗೇ ಕೇಳುತ್ತಿತ್ತು. ಲಲಿತೆ ಪಿಸುಮಾತಿನಲ್ಲಿ, "ಹ್ಯಾಂಗಿತ್ ಸೀತಕ್ಕ? ಸೂರ್ಯ ಹ್ಯಾಂಗ್ ಮುಳ್ಗ್ತ್?" ಎಂದು ಕೇಳಿದಳು. ನಾನೂ ಗಿರಿಜೆಯೂ ಸೀತಕ್ಕನ ಮುಖ ನೋಡಿದೆವು.

"ಅದ್ ದಿನಾ ಮುಳ್ಗುದೇ ಅಲ್ದಾ," ಎಂದಳು ಸೀತಕ್ಕ. "ಇವತ್ ಸಮಾ ಕಾಣ್ಲಿಲ್ಲೆ. ನೀ ಇನ್ನೊಂದ್ ಹೆರ್, ಆಗ ಕಂಡ್ಕಂಡ್ ಬಪ್ಪ."

"ಇನ್ನೊಂದು" ಎಂಬ ಮಾತನ್ನು ಆ ಹುಡುಗಿಯ ಮುಂದೆ ಅಷ್ಟು ಸಸಾರವಾಗಿ ಯಾರೂ ಆಡಿರಲಿಲ್ಲ. ಒಳಗಿನಿಂದ ಅವಳು ನಗುವುದು ಕೇಳಿತು. ಹೊಟ್ಟೆ ನೋಯುತ್ತದೆ, ನಗಿಸಬೇಡಿ ಎನ್ನುತ್ತಲೇ ನಕ್ಕಳು.

ಆ ಕೂಸು ಈಗ ಸ್ಲೇಟು ಹಿಡಿದುಕೊಂಡು ಶಾಲೆಗೆ ಹೋಗುತ್ತದೆ. ಸಂಜೆ ನನ್ನ ಬದಿಯಲ್ಲಿ ಕುಳಿತು ಬತ್ತಿ ಹೊಸೆಯುತ್ತೇನೆಂದು ಹತ್ತಿಯೆಲ್ಲ ಹಾಳು ಮಾಡುತ್ತದೆ. ಸೀತಕ್ಕನ ಮಾತಿಗೆ ಬೆಲೆ ಕೊಟ್ಟು ಲಲಿತೆ ಆಮೇಲೆ ಇನ್ನೂ ಇಬ್ಬರನ್ನು ಹೆತ್ತಳು. ಇಬ್ಬರೂ ಗಟ್ಟಿಯಾಗಿದ್ದಾರೆ. ಎರಡು ಸಲವೂ ನಮಗೆಲ್ಲ ಒಟ್ಟಿಗೇ ಅಮೆ ಬಂತು, ನಾವು ಚಾಪೆ ಮಡಚಿ ತಯಾರಾದೆವು.

ಆದರೆ ಇಬ್ಬರೂ ಹುಟ್ಟಿದ್ದು ಆಟಿ ತಿಂಗಳಲ್ಲಿ. ಹತ್ತು ದಿನವೂ ಬಿಡದೆ ಮಳೆ.